ಚಿಲಕಕ್ಕೆ ಸಿಕ್ಕಿಸಿದ ಕಸಬರಿಗೆ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಸಿಂಧನೂರಿನ ಅಕ್ಕಿ ಮಿಲ್ಲುಗಳ ಸಾಲಿನ ಕೊನೆಯಲ್ಲಿದ್ದ ಗೋದಾಮಿನ ತಗಡಿನ ಕೆಳಗೆ ಹಮಾಲರೂ ಕಸ ಗುಡಿಸುವ ಹೆಂಗಸರೂ ಮುದುರಿ ಕುಳಿತಿದ್ದರು. ಲಿಂಗಸುಗೂರಿನಿಂದ ವರ್ಗವಾಗಿ ಬಂದ ಹೊಸ ಗುಮಾಸ್ತ ಶಿವಕಾಂತ ಬೀಗದ ಮೇಲೆ ಸೀಲ್ ಒತ್ತಲು ಅರಗು ಕಾಯಿಸುತ್ತಿದ್ದ. ಆದರೆ ಕಾವಲುಗಾರ ಹಸನ್‌ಸಾಬ್ ಕಬ್ಬಿಣದ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತವರು ಏಳಲೊಲ್ಲರು. ಸೀಲ್ ಎಂದರೆ ಸಾಕು, ಎಪ್ಪತ್ತು ದಾಟಿದ ಆ ಜೀವಕ್ಕೆ ಮೈಯೆಲ್ಲ ಉರಿಯುತ್ತಿತ್ತು.

"ಏಳ್ರಿ ಚಾಚಾ, ಸಾಹೇಬ್ರು ಫೋನ್ ಮ್ಯಾಲ ಫೋನ್ ಮಾಡಾಕತ್ತಾರ."

"ಮಾಡ್ಲಿ. ಮೊದ್ಲ ಹೆಣ್ಮಕ್ಕಳನ್ನ ಎಣಸು. ಯಾಕಂತ ಹೇಳ್ತೀನಿ, ಕೂಡು.

ಈ ಬಾಗಲಾ ಎಲ್ಲೀದು ಗೊತ್ತೇನಪಾ? ರೈಲ್ವೆ ಸ್ಟೇಷನ್ದು... ರಾಯಚೂರಿನ ಆಚಿ ಹತ್ತಿ ಮಿಲ್ಲು, ಎಣ್ಣಿ ಮಿಲ್ಲಿನ ನಡುವ ಒಂದು ಸಣ್ಣ ಸ್ಟೇಷನ್ ಇತ್ತು, ನಾ ಅಲ್ಲಿ ಹಮಾಲ, ದಿನಕ್ಕ ಎರಡು ಗೂಡ್ಸ್ ಗಾಡಿ ತುಂಬಿ ಹೋಗ್ತಿದ್ವು, ಕಾಲಿಡಾಕ ಜಾಗಾ ಇರ್ತಿದ್ದಿಲ್ಲ. ಆಮ್ಯಾಲ ಲಾರಿ ಬಂದ್ವು, ಒಂದೊಂದ ಮಿಲ್ಲಿಗೆ ಕೀಲಿ ಬಿತ್ತು, ಕಡೀಕ ಸ್ಟೇಷನ್ನೂ ಬಂದ್ ಅಂತ ಕಾಗದ ಬಂತು.

ನಮ್ಮದೊಂದು ರಿವಾಜ್ ಇತ್ತು. ಗೂಡ್ಸ್ ಶೆಡ್ಡಿನ ಒಳಗ ಹಮಾಲ ಇದ್ರ ಚಿಲಕಕ್ಕ ಟವೆಲ್ ಕಟ್ಟಬೇಕು. ಟವೆಲ್ ಇರೋತನಕ ಯಾವ ಸಾಹೇಬನೂ ಬಾಗಲಾ ಹಾಕಂಗಿಲ್ಲ. ಅವತ್ತು ಕಡೀ ದಿನ, ಹಿಂಗ ಮಳಿ... ಹೊನ್ನೂರಮ್ಮ ಅಂತ, ತುರ್ವಿಹಾಳದಾಕಿ, ಹಿಂದಿಲ್ಲ ಮುಂದಿಲ್ಲ, ಉದುರಿದ ಕಾಳು ಬಳ್ಯಾಕ ಒಳಗ ಹೋಗಿದ್ಲು. ಟವೆಲ್ ಎಲ್ಲಿಂದ ತರಬೇಕು ಆಕಿ? ಹಳೇದೊಂದು ಕಸಬರಿಗಿ ಸಿಗಿಸಿದ್ಲು ಚಿಲಕಕ್ಕ.

ಅದನ್ನ ನೋಡಿದವ ನಾ. ಯಾರೋ ಮರತಾರಂತ ತೆಗೆದು ಒಗೆದವನೂ ನಾನ. ಕಸಬರಿಗಿನೂ ಒಂದು ಗುರ್ತು ಅಂತ ಯಾರಿಗೆ ಹೊಳೀತೈತಿ, ಹೇಳ್ರಿ?

ಸಾಹೇಬ ಸೀಲ್ ಒತ್ತಿದ. ಅರಗು ಇನ್ನಾ ಆರಿದ್ದಿಲ್ಲ... ಒಳಗಿಂದ ಮೂರು ಸಲ ಬಡಿದ ಸಪ್ಪಳ. ಯಾರೋ ಅದಾರ್ರೀ ಸಾಹೇಬ್ರ ಅಂದೆ. ಪಾರಿವಾಳ ಅಂದ. ಸೀಲ್ ಒಡೀಬೇಕಂದ್ರ ಮ್ಯಾಲಿಂದ ಆರ್ಡರ್ ಬೇಕು ಅಂದ. ಪಾರಿವಾಳ ಬಾಗಲಾ ಬಡೀತಾವೇನು? ಕಡೀ ಗಾಡಿ ಸೀಟಿ ಹೊಡೀತು, ಎಲ್ಲಾರೂ ಹತ್ತಿದ್ರು. ಥೂ ನನ್ನ ಜಲ್ಮಕ್ಕ, ನಾನೂ ಹತ್ತಿದೆ.

ಹರಾಜಿನವ್ರು ಬಾಗಲಾ ತೆಗೆದಿದ್ದು ಹದಿನೆಂಟು ದಿನಕ್ಕ... ಅದನ್ನ ನಾ ಹೇಳಂಗಿಲ್ಲ. ಒಳಮೈ ಬಣ್ಣದಾಗ ಉಗುರಿನ ಗೀರು ಇನ್ನಾ ಅದಾವ, ನೋಡ್ಕೋರಿ. ಕಾಗದದಾಗ ಏನು ಬರದ್ರು ಗೊತ್ತೇನು? ಕಳವು ಮಾಡಾಕ ಹೊಕ್ಕಾಕಿ ಅಂತ ಬರದ್ರು. ಇಪ್ಪತ್ತು ವರ್ಷ ಅವರ ಕಸ ಬಳದಾಕಿಗೆ."

ಕಸ ಗುಡಿಸುವ ಯಮನಮ್ಮ ಎದ್ದು ತನ್ನ ಜೊತೆಯ ಹೆಂಗಸರನ್ನು ಮುಟ್ಟಿ ಮುಟ್ಟಿ ಎಣಿಸಿದಳು. ಏಳು ಮಂದಿ ಬಂದಿದ್ದರು, ಏಳೂ ಮಂದಿ ಹೊರಗಿದ್ದರು. ಹಮಾಲರೂ ಅಷ್ಟೇ, ಒಬ್ಬನೂ ಕಡಿಮೆಯಿರಲಿಲ್ಲ. ಆಗ ಹಸನ್‌ಸಾಬ್ ಮೊಣಕಾಲು ಹಿಡಿದುಕೊಂಡು ಎದ್ದು ಪಕ್ಕಕ್ಕೆ ಸರಿದರು. ಶಿವಕಾಂತ ಅರಗು ಸುರಿದು ಸೀಲ್ ಒತ್ತಿದ.

ಒಳಗಿನಿಂದ ಯಾರೋ ಬಾಗಿಲು ಬಡಿದರು. ಒಂದು. ಎರಡು. ಮೂರು.

"ನಾವೆಲ್ಲಾ ಇಲ್ಲೇ ಅದೀವಲ್ರಿ..." ಎಂದಳು ಯಮನಮ್ಮ. ಎಲ್ಲರೂ ಶಿವಕಾಂತನ ಕೈಯನ್ನೇ ನೋಡಿದರು. ಅವನು ಸೀಲಿನ ಮೇಲೆ ಬೆರಳಿಟ್ಟ, ತೆಗೆದ.

"ನಾಳೆ ಸಾಹೇಬ್ರನ್ನ ಕೇಳಿ ನೋಡೋಣ್ರಿ ಚಾಚಾ. ಈಗ ಒಡದ್ರ ನನ್ನ ನೌಕರಿ ಹೊಕ್ಕೈತಿ."

ಹಸನ್‌ಸಾಬರಿಗೆ ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಹಿಡಿಯಲು ಯಾವ ಮುಖವಿತ್ತು?

"ಗುಜರಿಯಿಂದ ಈ ಬಾಗಲಾ ಇಲ್ಲಿಗೆ ಬಂದು ಆರು ವರ್ಷಾತು. ಸೀಲ್ ಬಿದ್ದಾಗೊಮ್ಮೆ ಆಕಿ ಬಡದಾಳ. ಹೊರಗ ಬರಾಕಲ್ಲಪಾ... ಒಬ್ಬರರ ಒಡೀತಾರೇನಂತ ನೋಡಾಕ. ಇನ್ನತನ ಯಾರೂ ಒಡದಿಲ್ಲ. ನಾನೂ ಒಡದಿಲ್ಲ."