ಮೊಸಳೆ ಸಾರಿಗೆ ಅತ್ತೆಯ ಪಾತ್ರೆ

ಮೊಸಳೆ ಮಾಂಸ ತಿನ್ನುವ ಅಮೆರಿಕದ ಲೂಸಿಯಾನಾದಲ್ಲಿ, ಒಂದು ಮಾಂಸದಂಗಡಿಯ ಸಾಲಿನಲ್ಲಿ ಅಕ್ಕತಂಗಿಯರಿಬ್ಬರ ಹಿಂದೆ ನಿಂತಿದ್ದ ಮುದುಕಿ ವರ್ಲೀನಳ ಕಿವಿ ನೆಟ್ಟಗಾಯಿತು.

"ಅಕ್ಕಾ, ನಾಳೆ ಮೊಸಳೆ ಸಾರು ನಾನೇ ಮಾಡ್ಬೇಕಂತೆ! ಅತ್ತೆ ತಮ್ಮ ಕಬ್ಬಿಣದ ಪಾತ್ರೇನೇ ಕೊಟ್ಬಿಟ್ರು!"

"ಯೂಲಾಲಿಯಮ್ಮನಾ? ಅದನ್ನ ಯಾರಿಗೂ ಮುಟ್ಟೋಕೆ ಬಿಡ್ದೋರು! ಗೆದ್ದೆ ಕಣೇ ಕೊರಿನ್! ಬಾಲದ ಮಾಂಸಾನೇ ಕೇಳು. ಮೊಸಳೆ ಕೊಬ್ಬು ಒಂಚೂರೂ ಉಳೀಬಾರ್ದು, ನಾತ ಹೊಡೆಯುತ್ತೆ."

"ಗೊತ್ತಕ್ಕಾ. ಪಾತ್ರೇನೂ ಸೋಪು ಹಾಕಿ ಫಳಫಳ ತಿಕ್ಕಿಟ್ಟಿದ್ದೀನಿ!"

"ಸೋಪಾ? ಅಯ್ಯೋ ಪೆದ್ದಿ! ಅವರಜ್ಜಿ ಕಾಲದಿಂದ ಜಿಡ್ಡು ಕುಡಿದು ಪಳಗಿ ಕಪ್ಪಗಾದ ಪಾತ್ರೆ ಕಣೇ ಅದು, ಸೋಪಿಗೆ ಆ ಜಿಡ್ಡೆಲ್ಲ ಹೋಯ್ತು!"

"ಈಗೇನ್ಮಾಡ್ಲಕ್ಕಾ?"

"ಹಂದಿ ಕೊಬ್ಬು ಸವರಿ ಕಾಯಿಸು. ಮತ್ತೆ ಸವರು, ಮತ್ತೆ ಕಾಯಿಸು. ಬೆಳಗಾಗೋದ್ರೊಳಗೆ ಕಪ್ಪಗಾಗ್ಬೇಕು!"

ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ಕೊರಿನ್‌ಗೆ ದಾರಿ ಬಿಟ್ಟರು. ಮಾಂಸ ಕಟ್ಟಿಸಿಕೊಂಡು ಬಾಗಿಲತ್ತ ಓಡುತ್ತಿದ್ದವಳ ಚೀಲಕ್ಕೆ ವರ್ಲೀನ್ ತನ್ನ ಹಂದಿಕೊಬ್ಬಿನ ಡಬ್ಬಿಯನ್ನೇ ತುರುಕಿದಳು.

"ಓಡು ಮಗಾ! ಯೂಲಾಲಿಗೆ ನಾವ್ಯಾರೂ ಹೇಳಲ್ಲ."