ಪೇಷಂಟ್ ಜೊತೆ ಯಾರಿದ್ದೀರಿ?

ಇಂಗ್ಲಿಷಿನಲ್ಲಿ ‘ವಿತ್’ ಎಂಬ ಪುಟ್ಟ ಪದವಿದೆ. ಮಕ್ಕಳಿಗೆ ಪಾಠ ಹೇಳಿಕೊಟ್ಟ ತಾಯಂದಿರಿಗೆ ಗೊತ್ತು. ಚಾಕುವಿನಿಂದ ಹಣ್ಣು ಕೊಯ್ದೆ ಎನ್ನಲು ಅದೇ ಪದ. ನೆರೆಯವಳೊಡನೆ ಜಗಳವಾಡಿದೆ ಎನ್ನಲೂ ಅದೇ. ತಂಗಿಯ ಜೊತೆ ಕೂತಿದ್ದೆ ಎನ್ನಲೂ ಅದೇ. ಒಂದರಲ್ಲಿ ಉಪಕರಣ, ಒಂದರಲ್ಲಿ ಎದುರಾಳಿ, ಇನ್ನೊಂದರಲ್ಲಿ ಸಂಗಾತಿ. ವ್ಯಾಕರಣ ಇಲ್ಲಿಗೆ ಸಾಕು. ಹಿಂದಿನ ಬೆಂಚಿನವರು ಆಗಲೇ ಗಡಿಯಾರ ನೋಡುತ್ತಿದ್ದೀರಿ. ಕಥೆ ಹೇಳುತ್ತೇನೆ.

ಒಂದೂರಿನಲ್ಲಿ ಒಬ್ಬ ಶ್ರೀಮಂತ. ಹೆಸರು ಕೇಳಬೇಡಿ, ಹೇಳಿದರೆ ಅದು ಅವನ ಕಥೆ ಎಂದುಕೊಂಡು ನೀವು ನಿಶ್ಚಿಂತೆಯಿಂದ ಕೂರುತ್ತೀರಿ. ಒಣಮೆಣಸಿನಕಾಯಿ ವ್ಯಾಪಾರಿ. ಅವನ ಹೆಂಡತಿಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ತಡಮಾಡಿದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಶ್ರೀಮಂತ ಏನು ಮಾಡಿದ? ಎಲ್ಲವನ್ನೂ ಮಾಡಿದ. ನೋಡಿ, ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ, ಜಾಗ್ರತೆಯಿಂದ ಕೇಳಿ. ದೊಡ್ಡ ಆಸ್ಪತ್ರೆ, ಬೇರೆ ರೂಮು, ಕಾರು, ಡ್ರೈವರ್, ನೋಡಿಕೊಳ್ಳಲು ಸಂಬಳದ ಹೆಂಗಸು. ತಾನು ಮಾತ್ರ ಹೋಗಲಿಲ್ಲ. ಅಂದು ಮಾರುಕಟ್ಟೆಯಲ್ಲಿ ಹರಾಜು.

ಆಪರೇಷನ್ನಿನ ಹೊತ್ತಾಯಿತು. ನರ್ಸ್ ಬಾಗಿಲಲ್ಲಿ ನಿಂತು ಕೂಗಿದಳು: “ಪೇಷಂಟ್ ಜೋಡಿ ಯಾರದೀರಿ?”

ನಮ್ಮ ಕಡೆಯ ಯಾವ ಆಸ್ಪತ್ರೆಯಲ್ಲಿ ಈ ಕೂಗು ಇಲ್ಲ, ಹೇಳಿ? ಪಕ್ಕದ ರೂಮಿನವಳಿಗೆ ಕೂಗಿದಾಗ ಅತ್ತೆ, ನಾದಿನಿ, ಗಂಡ, ಬುತ್ತಿಗಂಟು ಎಲ್ಲ ಎದ್ದು ಬಂದಿದ್ದವು. ಇಲ್ಲಿ ಡ್ರೈವರ್ ಕೆಲಸದವಳ ಮುಖ ನೋಡಿದ, ಕೆಲಸದವಳು ಡ್ರೈವರನ ಮುಖ ನೋಡಿದಳು.

ಹೆಂಡತಿ ಟ್ರಾಲಿಯಿಂದ ಇಳಿದುಬಿಟ್ಟಳು. “ನಾ ಒಲ್ಲೆ.”

ಡ್ರೈವರ್ ಫೋನು ಹಚ್ಚಿಕೊಟ್ಟ. ಶ್ರೀಮಂತ ಗದರಿದ: “ನಿನಗೇನ್ ಕಡಿಮಿ ಮಾಡೀನಿ? ಎಲ್ಲಾ ಕಳಿಸೀನಲ್ಲ!”

“ಹೌದ್ರಿ, ಎಲ್ಲಾ ಕಳಿಸೀರಿ. ನೀವೊಬ್ರು ಬಂದಿಲ್ಲ. ಒಳಗ ನನಗೇನರ ಆದ್ರ ಸಿಸ್ಟರು ಹೊರಗ ಬಂದು ಯಾರಿಗೆ ಹೇಳ್ಬೇಕ್ರೀ? ನಿಮ್ಮ ಡ್ರೈವರಗ?”

ಹರಾಜು ಬಿಟ್ಟು ಓಡಿಬಂದ. ಬಂದವನು ಅವಳ ಬಳಿ ಕೂತನೇ? ಇಲ್ಲ. ತಡವಾಯಿತೆಂದು ಡಾಕ್ಟರ ಮೇಲೆ ಕೂಗಾಡಿದ. ಹಾಸಿಗೆ ಸರಿಯಿಲ್ಲವೆಂದು ಆಯಾಳ ಮೇಲೆ ಹಾರಾಡಿದ. ನರ್ಸ್ ನೋಡುವಷ್ಟು ನೋಡಿ ಹೇಳಿದಳು: “ಅಣ್ಣಾರ, ಇಲ್ಲಿ ಮೆಣಸಿನಕಾಯಿ ಹರಾಜ ನಡದಿಲ್ರಿ. ಆ ಸ್ಟೂಲಿನ ಮ್ಯಾಲ ಕುಂದರ್ರಿ.”

“ಕುಂತು ಏನ್ ಮಾಡ್ಲಿ?”

“ಏನೂ ಮಾಡಬ್ಯಾಡ್ರಿ,” ಎಂದಳು ಹೆಂಡತಿ. “ಸುಮ್ನ ಕುಂದರ್ರಿ. ನನಗ ಅಂಜಿಕಿ ಬಂದೈತಿ.”

ಮದುವೆಯಾಗಿ ಇಷ್ಟು ವರ್ಷ, ಅವಳಿಗೂ ಅಂಜಿಕೆಯಾಗುತ್ತದೆ ಎಂಬುದೇ ಅವನಿಗೆ ತಿಳಿದಿರಲಿಲ್ಲ. ಕೂತ. ಕಡೆಗೆ, “ನನಗೂ ಬಂದೈತಿ,” ಎಂದ.

ಅವಳು ತಾನಾಗಿಯೇ ಟ್ರಾಲಿ ಹತ್ತಿ ಮಲಗಿದಳು. “ಈಗ ಕರಕೊಂಡ್ ಹೋಗ್ರಿ ಸಿಸ್ಟರ್.”

ಗಡ್ಡೆ ತೆಗೆದರು. ಬದುಕಿದಳು. ಕಥೆ ಇಷ್ಟೇ.

ಈಗ ನಮ್ಮ ಮಾತು. ಪ್ರಾರ್ಥನೆಯಲ್ಲಿ ನಾವು ದೇವರನ್ನು ಕೇಳುವುದು ಏನು? ‘ನಮ್ಮ ಸಂಗಡ ಇರು ಸ್ವಾಮಿ’ ಎಂದು. ‘ಕಾರು ಕಳಿಸು’ ಎಂದಲ್ಲ. ಕಾರನ್ನೂ ಕೇಳುತ್ತೇವೆ, ಇರಲಿ. ಆದರೆ ಮೊದಲು ಕೇಳುವುದು ಸಂಗಡ ಇರು ಎಂದೇ. ದೇವರಲ್ಲಿ ಕೇಳಿಕೊಳ್ಳುವುದನ್ನು ಮನೆಯವರಿಗೆ ನಾವು ಕೊಟ್ಟಿದ್ದೇವೆಯೇ? ಮಗಳಿಗೆ ಟ್ಯೂಷನ್ ಇಟ್ಟಿದ್ದೀರಿ. ಅವಳು ಓದುವಾಗ ಪಕ್ಕದಲ್ಲಿ ಯಾರಿದ್ದಾರೆ? ಅತ್ತೆಗೆ ಮಾತ್ರೆ ತಂದಿಟ್ಟಿದ್ದೀರಿ, ನುಂಗುವವರೆಗೆ ನಿಂತಿದ್ದೀರಾ? ಹೆಂಡತಿಯಿಂದ ಅಡುಗೆ ಆಗುತ್ತದೆ, ಗಂಡನಿಂದ ಸಂಬಳ ಬರುತ್ತದೆ, ಸಿಟ್ಟು ಬಂದಾಗ ಇಬ್ಬರೂ ಎದುರುಬದುರು ನಿಲ್ಲುತ್ತೀರಿ. ಉಪಕರಣ ಆಯಿತು, ಎದುರಾಳಿ ಆಯಿತು. ಸಂಗಾತಿ ಆಗುವುದು ಯಾವಾಗ?

ಇವತ್ತು ಮನೆಗೆ ಹೋಗಿ. ಬಡಿಸಿದವರು ಅಡುಗೆಮನೆಗೆ ಹಿಂದಿರುಗಬೇಡಿ, ಬಡಿಸಿಕೊಂಡವರು ಟಿವಿ ಕಡೆ ತಿರುಗಬೇಡಿ. ಫೋನನ್ನು ಬೇರೆ ಕೋಣೆಯಲ್ಲಿಡಿ. ಪ್ರತಿ ಮನೆಯಲ್ಲೂ ಅಂಜಿಕೊಂಡಿರುವವರು ಒಬ್ಬರಾದರೂ ಇರುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಅದು ಪಕ್ಕದಲ್ಲಿ ಕೂತವರಿಗೆ ಮಾತ್ರ ತಿಳಿಯುತ್ತದೆ. ಯಾರೆಂದು ನಾನು ಹೇಳಲಾರೆ. ನೀವೇ ಕೂತು ನೋಡಬೇಕು.