ದಾರದ ಇನ್ನೊಂದು ತುದಿ

ಸಭೆಯ ಅಧ್ಯಕ್ಷರಾದ ಮಹಾಲಿಂಗಪ್ಪನವರೇ, ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ರೋಣದ ಸಭಿಕರೇ, ತಾಯಂದಿರೇ,

ನನಗ, ಈ ಬಡಿಗ ಫಕೀರಸಾಬನಿಗೆ, ಶಾಲು ಹೊದಿಸಿದಿರಿ. "ಇವರದು ಹದ್ದಿನ ಕಣ್ಣು, ಇವರು ಎಳೆದ ಗೆರೆ ಎಂದೂ ತಪ್ಪದು" ಅಂತ ಮಾನಪತ್ರ ಓದಿದಿರಿ. ಕೇಳಿ ಭಾಳ ಸಂತೋಷ ಆತು. ಕೇಳೇ ತಿಳಕೋಬೇಕಲ್ಲರಿ, ಓದಾಕ ನನಗ ಕಣ್ಣ ಕಾಣಂಗಿಲ್ಲ.

ನಗಬ್ಯಾಡ್ರಿ, ಖರೇ ಹೇಳ್ತೀನಿ. ೧೯೫೩ರಾಗ, ಇದೇ ಸಭಾಭವನದ ಬಾಗಲಾ ಮಾಡುವಾಗ, ನನ್ನ ಕಣ್ಣಿಗೆ ಪೊರಿ ಬಂತು. ಉಳಿ, ಗರಗಸ ಆಮ್ಯಾಲಿನ ಮಾತು. ಬಡಿಗಗ ಮೊದಲ ಬೇಕಾದ್ದೇನು? ಗೆರಿ. ಮೂಲಮಟ್ಟ ಇಟ್ಟು ಅಡ್ಡ ಗೆರಿ. ಮಸಿ ಹಚ್ಚಿದ ದಾರ ಬಿಗಿಹಿಡಿದು, ನಡುವ ಎತ್ತಿ ಬಿಟ್ಟು ಉದ್ದ ಗೆರಿ. ನನ್ನ ಗೆರಿ ಹಿಡದು ಕೊಯ್ದು ಒಂದು ಸಾಗವಾನಿ ಹಲಗಿ ಕೆಟ್ಟಿತು. ಮಂಚದ ಕೆಳಗ ಬಚ್ಚಿಟ್ಟೆ. ಹೆಂಡತಿ ಕಾಶೀಂಬಿ ಕಸಾ ಹೊಡಿಯುವಾಗ ಹೊರಗ ಎಳದಳು.

"ಹಲಗೀನ ಸೊಟ್ಟ ಬಂದೇತಿ" ಅಂದೆ.

"ಹಲಗಿ ಅಲ್ರಿ, ಗೆರಿ ಸೊಟ್ಟ. ಇಪ್ಪತ್ತು ವರ್ಷ ದಾರದ ಒಂದು ತುದಿ ನಾನ ಹಿಡದೀನಿ. ಇನ್ನೊಂದು ತುದಿಗೇನು ಬ್ಯಾರೆ ವಿದ್ಯಾ ಬೇಕೇನು?"

ಅವತ್ತಿನಿಂದ ಗೆರಿ ಹಾಕೂದು ಆಕಿ, ದಾರದ ತುದಿ ಹಿಡಿಯೂದಷ್ಟ ನಾನು. ಮಸಿ ಗೆರಿ ಮ್ಯಾಲ ಆಕಿ ಮೊಳಿಯಿಂದ ಗೀರಿ ಕೊಡ್ತಿದ್ದಳು. ಬೆರಳಿಂದ ಮುಟ್ಟಿ ನೋಡಿ ನಾ ಕೊಯ್ತಿದ್ದೆ.

ಒಂದಿನ ಇದೇ ಅಧ್ಯಕ್ಷರು ನಮ್ಮ ಮನಿಗೆ ಬಂದರು. "ಗೆರಿ ಹ್ಯಾಂಗ ಹಾಕ್ತಿ, ನೋಡೋಣು" ಅಂದರು. "ಗೆರಿ ಹಾಕುವಾಗ ಯಾರೂ ನೋಡಬಾರದಂತ ನಮ್ಮ ಉಸ್ತಾದರ ಅಪ್ಪಣಿ ಐತ್ರಿ" ಅಂದೆ. ಅಂಥಾ ಉಸ್ತಾದರು ನನಗ ಯಾರೂ ಇರಲಿಲ್ಲ. ನಾ ಕಲಿತದ್ದು ಅಪ್ಪನ ಕಡೆ. ಅಧ್ಯಕ್ಷರನ್ನ ಕಟ್ಟಿ ಮ್ಯಾಲ ಕೂಡಿಸಿ, ಚಾ ಕೊಟ್ಟು, ಒಳಗ ಅಗಳಿ ಹಾಕ್ಕೊಂಡೆ. ಟಪ್ ಅಂತ ದಾರ ಬಡಿದದ್ದು ಕೇಳಿ ಹೊರಗಿಂದ ಅಂದರು: "ಗಂಡಸಿನ ಕೈ ಅಂದ್ರ ಇದು ನೋಡು." ಕಾಶೀಂಬಿ ಸೆರಗು ಬಾಯಾಗ ತುರುಕಿಕೊಂಡು ನಕ್ಕಳು.

ಅಧ್ಯಕ್ಷರು ಸಿಟ್ಟಾಗಬಾರದು. ಐದು ವರ್ಷದಾಗ ಈ ಬಾಗಲಾ ಎಂದಾದರೂ ಬಿಗದೇತೇನ್ರಿ? ಮಳಿಗಾಲದಾಗರೆ ಕಿರ್ ಅಂದೇತೇನ್ರಿ?

ಇವತ್ತ ಮುಂಜಾನೆ ಆಕಿ ಎರಡು ಸಲ ಹೇಳಿದ್ದಳು: "ನನ್ನ ಹೆಸರು ತಗೀಬ್ಯಾಡ್ರಿ. ಗಜೇಂದ್ರಗಡದ ಸಾಲಿ ಬಾಗಲಾ ಮಾಡೂ ಕೆಲಸ ಕೈ ತಪ್ಪತೈತಿ." ಹೂಂ ಅಂದಿದ್ದೆ. ಹದ್ದಿನ ಕಣ್ಣು ಅಂತ ನೀವು ಓದಿದಿರಿ ನೋಡ್ರಿ, ಶಾಲು ಭಾರ ಆತು. ಇನ್ನ ಆ ಕೆಲಸ ಕೊಡೂದು ಬಿಡೂದು ನಿಮಗ ಬಿಟ್ಟದ್ದು.

ಹಿಂದಿನ ಸಾಲಿನ್ಯಾಗ ಯಾರೋ ಕೆಮ್ಮಿದರಲ್ಲರಿ, ಆಕೀನ. ಈಗ ಬಳಿ ಸಪ್ಪಳ ಹೊರಗ ಹೊಂಟೇತಿ. ಆಕಿ ಬಿಟ್ಟು ಹೋದರ ಮನಿ ಮುಟ್ಟೂ ದಾರಿ ನನಗ ಕಾಣಂಗಿಲ್ಲ. ಅದಕ್ಕ ಲಗೂ ಮುಗಸ್ತೀನಿ. ಶಾಲಿಗೆ, ಹಾರಕ್ಕ, ಇಷ್ಟೊತ್ತು ಕೂತು ಕೇಳಿದ್ದಕ್ಕ ಎಲ್ಲಾರ ಉಪಕಾರ ಆತು. ಯಾರರೆ ಮೆಟ್ಟಲ ತನಕ ಕೈ ಹಿಡೀರಿ.

ಕಾಶೀಂಬಿ, ಸ್ವಲ್ಪ ನಿಂದರು.

ನಮಸ್ಕಾರ್ರಿ.